ಹನ್ನೆರಡು ಕಂತು, ಒಂದು ಲೆಡ್ಜರ್: ಬೇಸಿಲ್‌ನ ಸುಳ್ಳಿನ ಲೆಕ್ಕ

ಮೊದಲ ವಾರ

ಅಟ್ಟ ಕ್ಲೀನ್ ಮಾಡುವಾಗ ಅಪ್ಪನ ಲಾಡ್ಜ್ ಕಾಲದ ನಾಲ್ಕು ಲೆಡ್ಜರ್ ಸಿಕ್ಕವು. ಉದ್ದನೆಯವು, ಕೆಂಪು ಬಟ್ಟೆಯ ಬೈಂಡು, ಒಳಗೆ ಕಾಲಂ ಹಾಕಿದ ಹಾಳೆ. ಮೂರರಲ್ಲಿ ಅಮ್ಮನ ಅಕ್ಷರದಲ್ಲಿ ಹಾಲು, ದೋಬಿ, ಕರೆಂಟ್ ಬಿಲ್ಲು. ನಾಲ್ಕನೆಯದು ಪೂರ್ತಿ ಖಾಲಿ. ಬಿಸಾಡೋಕೆ ಮನಸ್ಸು ಬರಲಿಲ್ಲ. ಅದೇ ದಿನ ರಾತ್ರಿ ಸುಮ್ನೆ 'ಫಾಲ್ಟಿ ಟವರ್ಸ್' ಅನ್ನೋ ಹಳೆ ಬ್ರಿಟಿಷ್ ಹಾಸ್ಯ ಧಾರಾವಾಹಿ ಹಾಕಿಕೊಂಡು ಕೂತಿದ್ದೆ. ಮೂರನೇ ಸಲ ನೋಡುತ್ತಿದ್ದರೂ ಒಂದು ಹಂತದಲ್ಲಿ ಎಳೆ ತಪ್ಪಿತು. ಬೇಸಿಲ್ ಹೇಳಿದ ಈ ಸುಳ್ಳು ಪಾಲಿಗೆ ಗೊತ್ತಾ? ಮೇಜರ್‌ಗೆ ಯಾರು ಹೇಳಿದ್ದು? ಸಿಬಿಲ್ ಯಾವಾಗ ಬಂದಳು?

ಖಾಲಿ ಲೆಡ್ಜರ್ ಪಕ್ಕದಲ್ಲೇ ಇತ್ತು. ಲೆಕ್ಕ ಬರೆಯೋದೇ ನನ್ನ ಕಸುಬು. ಹಾಗಾಗಿ ಕೆಲಸ ಶುರುವಾಯಿತು: ಹನ್ನೆರಡೂ ಕಂತು, ಯಾವ ನಿಮಿಷದಲ್ಲಿ ಯಾರಿಗೆ ಏನು ಗೊತ್ತು ಅನ್ನೋ ಲೆಕ್ಕ.

ಗೊತ್ತಿಲ್ಲದವರಿಗೆ ಎರಡು ಮಾತು. ಇಂಗ್ಲೆಂಡಿನ ತೆಂಕಣ ಕಡಲತೀರದಲ್ಲಿ ಟಾರ್ಕೀ ಅಂತ ಊರು. ಅಲ್ಲೊಂದು ಸಣ್ಣ ಹೋಟೆಲು. ಮಾಲೀಕ ಬೇಸಿಲ್ ಫಾಲ್ಟಿ, ಅವನ ಹೆಂಡತಿ ಸಿಬಿಲ್, ಕೆಲಸದ ಹುಡುಗಿ ಪಾಲಿ, ಸ್ಪೇನಿನಿಂದ ಬಂದ ಸಪ್ಲೈಯರ್ ಮ್ಯಾನ್ಯುಯೆಲ್, ಖಾಯಂ ಗಿರಾಕಿಯಾಗಿ ಅಲ್ಲೇ ಉಳಿದ ಮುದುಕ ಮೇಜರ್. ಬಿಬಿಸಿ ಎರಡನೇ ಚಾನೆಲ್‌ನಲ್ಲಿ 1975ರಲ್ಲಿ ಆರು ಕಂತು, 1979ರಲ್ಲಿ ಇನ್ನಾರು. ಅಷ್ಟೇ, ಮುಗೀತು. ಆದರೂ 2000ದಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಬ್ರಿಟನ್ನಿನ ನೂರು ಶ್ರೇಷ್ಠ ಟಿವಿ ಕಾರ್ಯಕ್ರಮಗಳ ಪಟ್ಟಿ ಮಾಡಿದಾಗ ಮೊದಲ ಜಾಗ ಇದಕ್ಕೇ ಸಿಕ್ಕಿತು.

ಎರಡನೇ ವಾರ

ಮೊದಲ ಪ್ರಯತ್ನ ಹಾಳಾಯಿತು. ವಂಶವೃಕ್ಷದ ಹಾಗೆ ಬರೆಯೋಕೆ ಹೋಗಿದ್ದೆ: ಮೇಲೆ ಮೂಲ ಸುಳ್ಳು, ಅದರಿಂದ ಹುಟ್ಟಿದ ಸುಳ್ಳುಗಳು ಕೆಳಗೆ. ಹತ್ತು ನಿಮಿಷಕ್ಕೆ ಹಾಳೆ ಮುಳ್ಳಿನ ಪೊದೆ ಥರ ಆಯಿತು. ನೋಡಿದರೆ ಬೇಸಿಲ್‌ನ ಸುಳ್ಳುಗಳು ಕವಲೊಡೆಯೋದಿಲ್ಲ. ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ.

ಈಗಿನ ಕ್ರಮ ಹೀಗಿದೆ. ಸಾಲು ಒಂದಕ್ಕೆ ಒಂದು ನಿಮಿಷ. ಕಾಲಂ ಆರು: ಬೇಸಿಲ್, ಸಿಬಿಲ್, ಪಾಲಿ, ಮ್ಯಾನ್ಯುಯೆಲ್, ಮೇಜರ್, ಗಿರಾಕಿ. ನಿಜ ಗೊತ್ತಿದ್ದರೆ ನೀಲಿ, ಸುಳ್ಳು ನಂಬಿದ್ದರೆ ಕೆಂಪು, ತಮ್ಮಷ್ಟಕ್ಕೆ ತಾವೇ ಏನೋ ತಪ್ಪು ತಿಳಿದುಕೊಂಡಿದ್ದರೆ ಹಸಿರು. ಕಂತು ಅರ್ಧ ಗಂಟೆ ಚಿಲ್ಲರೆ, ಲೆಡ್ಜರ್ ಪುಟದಲ್ಲಿ ಸಾಲು ನಲವತ್ತು. ಹೇಳಿ ಮಾಡಿಸಿದ ಹಾಗಿದೆ.

ಪರೀಕ್ಷೆಗೆ 'ದಿ ಬಿಲ್ಡರ್ಸ್' ತೆಗೆದುಕೊಂಡೆ. ಸಿಬಿಲ್ ಊರಲ್ಲಿ ಇರೋದಿಲ್ಲ. ಅವಳು ಬೇಡ ಅಂದಿದ್ದ ಓ'ರೈಲಿ ಅನ್ನೋ ಅಗ್ಗದ ಮೇಸ್ತ್ರಿಯನ್ನು ಬೇಸಿಲ್ ಗುಟ್ಟಾಗಿ ಕರೆಸುತ್ತಾನೆ. ಕೆಲಸದವರು ಬಂದು ಊಟದ ಕೋಣೆಯ ಬಾಗಿಲನ್ನೇ ಗೋಡೆ ಮಾಡಿ ಹೋಗುತ್ತಾರೆ! ಪುಟ ತುಂಬಿಸಿ ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಸಿಬಿಲ್ ಕಾಲಂನಲ್ಲಿ ಕೆಂಪು ನಿಲ್ಲೋದೇ ಇಲ್ಲ. ಬಾಗಿಲಿಂದ ಒಳಗೆ ಬಂದು ಸ್ವಲ್ಪ ಹೊತ್ತಿಗೇ ಅವಳು ನೀಲಿ. ಆಮೇಲೆ ಕೊಡೆ ತಗೊಂಡು ಓ'ರೈಲಿಗೆ ಬಾರಿಸೋದೊಂದೇ ಬಾಕಿ.

ನಾಲ್ಕನೇ ವಾರ

ಈ ವಾರ ಅಮ್ಮ ಜೊತೆಗೆ ಕೂತರು. ಇಂಗ್ಲಿಷ್ ಅಷ್ಟಾಗಿ ಬರಲ್ಲ, ನಡುನಡುವೆ ನಾನು ಹೇಳುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಹೇಳೋದು ಬೇಕಾಗಲಿಲ್ಲ.

ನಾನು ಇಷ್ಟು ದಿನ ಸಿಬಿಲ್‌ಳನ್ನು ನೋಡಿದ್ದು ಬೇಸಿಲ್ ಕಣ್ಣಲ್ಲಿ. ಎತ್ತರಕ್ಕೆ ಕಟ್ಟಿದ ತುರುಬು, ಬೆರಳ ಸಂದಿಯಲ್ಲಿ ಸಿಗರೇಟು, ಫೋನಿನಲ್ಲಿ ಗೆಳತಿ ಆಡ್ರಿ ಜೊತೆ ಮುಗಿಯದ ಹರಟೆ. ನಗು ಬೇರೆ, ಕಿವಿ ಕೊರೆಯೋ ಹಾಗೆ. ಅಮ್ಮ ಕಣ್ಣಿಗೆ ಬಿದ್ದಿದ್ದೇ ಬೇರೆ.

"ಫೋನಲ್ಲಿ ಮಾತಾಡ್ತಾನೇ ಬಿಲ್ಲು ಬರೀತಿದಾಳೆ ನೋಡು. ರೂಮ್ ಯಾವುದು ಖಾಲಿ ಅಂತ ಅವಳಿಗೆ ಮಾತ್ರ ಗೊತ್ತು. ಗಂಡ ಏನು ಮಾಡಿದ ಹೇಳು ಬೆಳಿಗ್ಗೆಯಿಂದ?"

"ಫೋಟೋ ನೇತುಹಾಕ್ತಿದ್ದಾನೆ ಅಮ್ಮಾ."

"ಅದೂ ಮುಗಿಸಿಲ್ಲ. ಆ ಹೆಂಗಸು ಒಂದು ವಾರ ತವರಿಗೆ ಹೋದ್ರೆ ಹೋಟ್ಲು ಮುಚ್ಚತ್ತೆ ಕಣೋ."

ನಮ್ಮ ಲಾಡ್ಜಲ್ಲಿ ಗಲ್ಲಾದ ಮೇಲೆ ಅಪ್ಪ ಕೂರುತ್ತಿದ್ದರು, ಲೆಕ್ಕ ಅಮ್ಮ ಬರೆಯುತ್ತಿದ್ದರು. ನಾನು ಏನೂ ಮಾತಾಡಲಿಲ್ಲ. ರಾತ್ರಿ ಹಿಂದಿನ ಪುಟಗಳನ್ನು ತೆಗೆದು ಸಿಬಿಲ್ ಕಾಲಂನ ಅಂಚಿನಲ್ಲಿ, ಅವಳು ನಿಜವಾಗಿ ಹೋಟೆಲ್ ಕೆಲಸ ಮಾಡೋ ಕಡೆಯೆಲ್ಲ ಪೆನ್ಸಿಲ್ಲಿನಲ್ಲಿ ಸಣ್ಣ ಚುಕ್ಕಿ ಇಟ್ಟೆ. ಚುಕ್ಕಿಗಳೇ ಚುಕ್ಕಿ.

ಸಿಬಿಲ್ ಪಾತ್ರ ಮಾಡಿದ್ದು ಪ್ರುನೆಲ್ಲಾ ಸ್ಕೇಲ್ಸ್. ಬೇಸಿಲ್ ಪಾತ್ರದ ಜಾನ್ ಕ್ಲೀಸ್ ಮತ್ತು ಪಾಲಿ ಪಾತ್ರದ ಕಾನಿ ಬೂತ್ ಸೇರಿ ಇಡೀ ಧಾರಾವಾಹಿ ಬರೆದಿದ್ದು. ಶುರುವಿನಲ್ಲಿ ಇಬ್ಬರೂ ಗಂಡ ಹೆಂಡತಿ. ಎರಡನೇ ಸರಣಿ ಬರೋ ಹೊತ್ತಿಗೆ ಡೈವೋರ್ಸ್ ಆಗಿತ್ತು. ಆದರೂ ಒಟ್ಟಿಗೆ ಕೂತು ಬರೆದರು. ಒಂದೊಂದು ಕಂತಿಗೂ ವಾರಗಟ್ಟಲೆ ಹಿಡಿಯುತ್ತಿತ್ತಂತೆ. ಲೆಡ್ಜರ್ ತುಂಬಿಸುತ್ತಾ ಹೋದರೆ ಅದು ಯಾಕೆ ಅಂತ ಗೊತ್ತಾಗುತ್ತೆ. ಒಂದು ಸಾಲು ಆಚೀಚೆ ಮಾಡಿದರೂ ಕೆಳಗಿನ ಹತ್ತು ಸಾಲು ಬೀಳುತ್ತವೆ.

ಐದನೇ ವಾರ

ಚಹಾ ಚೆಲ್ಲಿತು. 'ದಿ ವೆಡ್ಡಿಂಗ್ ಪಾರ್ಟಿ' ಪುಟ ಹೋಯಿತು. ಆ ಪುಟದಲ್ಲಿ ಹೆಚ್ಚುಕಮ್ಮಿ ಎಲ್ಲಾ ಹಸಿರೇ ಇತ್ತು, ಯಾಕಂದ್ರೆ ಅದರಲ್ಲಿ ಬೇಸಿಲ್ ಸುಳ್ಳು ಹೇಳೋದಕ್ಕಿಂತ ತಪ್ಪು ತಿಳಿಯೋದೇ ಜಾಸ್ತಿ. ಮತ್ತೆ ಬರೆಯಬೇಕು.

ಆರನೇ ವಾರ

ಬಣ್ಣದ ಲೆಕ್ಕ ಸರಿ ಹೋಗುತ್ತಿಲ್ಲ. ನನ್ನ ಎಣಿಕೆ ಇದ್ದದ್ದು, ಎಲ್ಲಾ ಸುಳ್ಳಿನ ಬೇರು ಸಿಬಿಲ್ ಭಯ ಅಂತ. ಆದರೆ ಮೊಟ್ಟಮೊದಲ ಕಂತಿನಲ್ಲೇ ಅದು ಸುಳ್ಳಾಗುತ್ತೆ. 'ಎ ಟಚ್ ಆಫ್ ಕ್ಲಾಸ್'ನಲ್ಲಿ ಬೇಸಿಲ್ ದೊಡ್ಡ ಪತ್ರಿಕೆಯಲ್ಲಿ ಜಾಹೀರಾತು ಹಾಕಿದ್ದಾನೆ, ಒಳ್ಳೆಯ ಮನೆತನದವರು ಬರಲಿ ಅಂತ. ಲಾರ್ಡ್ ಮೆಲ್ಬರಿ ಅಂತ ಒಬ್ಬ ಬರುತ್ತಾನೆ. 'ಲಾರ್ಡ್' ಅನ್ನೋ ಪದ ಕಿವಿಗೆ ಬಿದ್ದದ್ದೇ ಬೇಸಿಲ್‌ನ ಬೆನ್ನು ಬಗ್ಗುತ್ತದೆ. ಅಲ್ಲಿತನಕ ಕೂತು ಊಟ ಮಾಡುತ್ತಿದ್ದ ಸಾಮಾನ್ಯ ಗಿರಾಕಿಗಳನ್ನು ಟೇಬಲ್ಲಿಂದ ಎಬ್ಬಿಸುತ್ತಾನೆ. ಕೊನೆಗೆ ಆ ಲಾರ್ಡ್ ಸೇಫಿನಲ್ಲಿ ಇಡೋಕೆ ಕೊಟ್ಟ ಪೆಟ್ಟಿಗೆ ತೆರೆದರೆ ಒಳಗೆ ಇಟ್ಟಿಗೆ. ಇಲ್ಲಿ ಬೇಸಿಲ್‌ಗೆ ಸುಳ್ಳು ಹೇಳಿದವರು ಬೇರೆ ಯಾರೂ ಅಲ್ಲ, ಅವನ ಆಸೆಯೇ.

'ದಿ ಹೋಟೆಲ್ ಇನ್‌ಸ್ಪೆಕ್ಟರ್ಸ್' ಕೂಡ ಇದೇ ಜಾತಿ. ಕಿರಿಕಿರಿ ಮಾಡೋ ಗಿರಾಕಿಯೊಬ್ಬ ಹೋಟೆಲ್ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಇರಬೇಕು ಅಂತ ಅನುಮಾನ ಬಂದಾಗ ಬೇಸಿಲ್ ಬೆಣ್ಣೆ. ಅವನು ಚಮಚ ಮಾರೋನು ಅಂತ ಗೊತ್ತಾದಾಗ ಬೆಂಕಿ. ಅವನ ಮುಖಕ್ಕೆ ಕ್ರೀಮು ಬಳಿದು ಆಚೆ ತಳ್ಳೋ ಹೊತ್ತಿಗೆ ಕೌಂಟರ್ ಮುಂದೆ ನಿಜವಾದ ಇನ್‌ಸ್ಪೆಕ್ಟರ್‌ಗಳು ನಿಂತಿರುತ್ತಾರೆ.

ಹಾಗಾಗಿ ನಾಲ್ಕನೇ ಬಣ್ಣ ಬಂತು: ಹಳದಿ, ಅಂತಸ್ತಿನ ಆಸೆಗೆ. ಕೆಂಪು ಮತ್ತು ಹಳದಿ ಎರಡನ್ನೂ ಹಿಡಿದು ನೋಡಿದರೆ ಬೇಸಿಲ್ ಪೂರ್ತಿ ಸಿಗುತ್ತಾನೆ. ಹೆಂಡತಿಯಿಂದ ಕೆಳಗೆ, ಗಿರಾಕಿಗಳಿಗಿಂತ ಮೇಲೆ ಅಂದುಕೊಂಡವನು. ಇಡೀ ದಿನ ಕೌಂಟರಿನ ಹಿಂದೆ ನಿಂತು, ತನಗಿಂತ ಕೀಳು ಅಂತ ಬಗೆದವರ ಸೂಟ್‌ಕೇಸ್ ಎತ್ತಬೇಕು. ಸಿಟ್ಟು ಬರದೆ ಇನ್ನೇನು ಬರುತ್ತೆ?

ಇವನಿಗೆ ಮೂಲವೂ ಒಬ್ಬರಿದ್ದರು. 1970ರಲ್ಲಿ ಕ್ಲೀಸ್ ಇದ್ದ ಮಾಂಟಿ ಪೈಥಾನ್ ಅನ್ನೋ ಹಾಸ್ಯ ತಂಡ ಶೂಟಿಂಗಿಗೆ ಹೋದಾಗ ಟಾರ್ಕೀಯ ಗ್ಲೆನೀಗಲ್ಸ್ ಹೋಟೆಲಿನಲ್ಲಿ ಉಳಿದಿತ್ತು. ಅದರ ಮಾಲೀಕರು, ಅಮೆರಿಕದಿಂದ ಬಂದಿದ್ದ ಟೆರ್ರಿ ಗಿಲಿಯಂ ಚಾಕು ಫೋರ್ಕು ಹಿಡಿಯೋ ರೀತಿಗೆ ಆಕ್ಷೇಪ ಮಾಡಿದರಂತೆ. ಎರಿಕ್ ಐಡಲ್ ಬ್ಯಾಗಿನಿಂದ ಟಿಕ್ ಟಿಕ್ ಸದ್ದು ಬಂತು ಅಂತ ಅದನ್ನು ತಗೊಂಡು ಹೋಗಿ ಹೊರಗಿನ ಗೋಡೆಯಾಚೆ ಇಟ್ಟರಂತೆ. ಉಳಿದವರು ಬೇರೆ ಹೋಟೆಲ್ ಹುಡುಕಿಕೊಂಡು ಹೋದರು. ಕ್ಲೀಸ್ ಮಾತ್ರ ಅಲ್ಲೇ ಉಳಿದ. ಒಳ್ಳೆ ಕೆಲಸ ಮಾಡಿದ ಅಲ್ವಾ!

ಎಂಟನೇ ವಾರ

'ಕಮ್ಯುನಿಕೇಶನ್ ಪ್ರಾಬ್ಲಮ್ಸ್'. ಇಡೀ ಲೆಡ್ಜರಿನಲ್ಲಿ ನನಗೆ ಅತಿ ಇಷ್ಟವಾದ ಪುಟ ಇದು. ದುಡ್ಡಿನ ಕಥೆ ಆದ್ದರಿಂದ ನನ್ನ ಕಸುಬಿಗೂ ಹತ್ತಿರ.

ಮಿಸೆಸ್ ರಿಚರ್ಡ್ಸ್ ಅಂತ ಒಬ್ಬ ಮುದುಕಿ ಬರುತ್ತಾಳೆ. ಕಿವಿ ಮಂದ. ಕಿವಿಗೆ ಮಿಷಿನ್ ಇದೆ, ಆದರೆ ಬ್ಯಾಟರಿ ಖರ್ಚಾಗುತ್ತೆ ಅಂತ ಆನ್ ಮಾಡೋದಿಲ್ಲ. ಕೋಣೆಯ ಕಿಟಕಿಯಿಂದ ಸಮುದ್ರ ಸರಿಯಾಗಿ ಕಾಣಲ್ಲ ಅಂತ ದೂರು. ಟಾರ್ಕೀಯ ಕಿಟಕಿಯಲ್ಲಿ ಟಾರ್ಕೀ ಕಾಣದೆ ಇನ್ನೇನು ಕಾಣಬೇಕು ಅಂತ ಬೇಸಿಲ್ ರೇಗುತ್ತಾನೆ. ಆಮೇಲೆ ಅವಳು ಮಿಷಿನ್ ಆನ್ ಮಾಡಿದ ಮೇಲೆ ಅವನು ಸದ್ದಿಲ್ಲದೆ ಬರೀ ತುಟಿ ಆಡಿಸುತ್ತಾನೆ. ಪಾಪ, ಅವಳು ಸೌಂಡ್ ಜಾಸ್ತಿ ಮಾಡುತ್ತಾಳೆ. ಆಗ ಇವನು ಕಿವಿಯ ಹತ್ತಿರ ಕಿರುಚುತ್ತಾನೆ. ಇಷ್ಟು ನೀಚ ಮನುಷ್ಯನನ್ನು ನೋಡಿ ಅಮ್ಮ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು.

ಇನ್ನೊಂದು ಕಡೆ ಬೇಸಿಲ್ ಕುದುರೆ ಜೂಜಿನಲ್ಲಿ 75 ಪೌಂಡ್ ಗೆದ್ದಿದ್ದಾನೆ. ಜೂಜು ಸಿಬಿಲ್‌ಗೆ ಆಗಲ್ಲ. ಹಾಗಾಗಿ ಗುಟ್ಟು. ಮ್ಯಾನ್ಯುಯೆಲ್‌ನನ್ನು ಕರೆದು, ಈ ಕುದುರೆ ವಿಷಯ ನಿನಗೆ ಏನೂ ಗೊತ್ತಿಲ್ಲ, ನೆನಪಿಟ್ಟುಕೋ ಅಂತ ತಾಕೀತು ಮಾಡುತ್ತಾನೆ. ದುಡ್ಡನ್ನು ಮೇಜರ್ ಕೈಗೆ ಕೊಟ್ಟು ಇಟ್ಟುಕೊಂಡಿರಿ ಅನ್ನುತ್ತಾನೆ. ಅದೇ ದಿನ ಮಿಸೆಸ್ ರಿಚರ್ಡ್ಸ್ ತನ್ನ 85 ಪೌಂಡ್ ಕಳುವಾಗಿದೆ ಅಂತ ಗಲಾಟೆ ಎಬ್ಬಿಸುತ್ತಾಳೆ. ಈಗ ಬೇಸಿಲ್ ತನ್ನ ದುಡ್ಡು ತನ್ನದೇ ಅಂತ ತೋರಿಸಬೇಕು, ಸಾಕ್ಷಿ ಬೇಕು. ಮ್ಯಾನ್ಯುಯೆಲ್ ಎದೆ ಉಬ್ಬಿಸಿ, ಸ್ವಾಮಿನಿಷ್ಠೆಯಿಂದ, ನನಗೇನೂ ಗೊತ್ತಿಲ್ಲ ಅಂತಾನೆ. ಒತ್ತಿ ಕೇಳಿದಷ್ಟೂ ಅವನ ನಿಷ್ಠೆ ಗಟ್ಟಿಯಾಗುತ್ತೆ.

ಲೆಡ್ಜರಿನಲ್ಲಿ ಇದನ್ನು ಹೇಗೆ ತೋರಿಸೋದು ಅಂತ ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡೆ. ಮ್ಯಾನ್ಯುಯೆಲ್‌ಗೆ ನಿಜ ಗೊತ್ತು, ಅಂದರೆ ನೀಲಿ. ಹೇಳುತ್ತಿರೋದು ಸುಳ್ಳು. ಆದರೆ ಆ ಸುಳ್ಳು ಹೇಳಿಕೊಟ್ಟವನ ವಿರುದ್ಧವೇ ತಿರುಗಿದೆ. ಕೊನೆಗೆ ನೀಲಿ ಮೇಲೆ ಕೆಂಪು ಅಡ್ಡಗೆರೆ ಹಾಕಿದೆ. ಮೇಜರ್ ಕಾಲಂ ಇನ್ನೂ ಕಷ್ಟ. ಅವನಿಗೆ ಗೊತ್ತಿತ್ತು, ಮರೆತ, ಮತ್ತೆ ನೆನಪಾಯಿತು, ಅದೂ ನೆನಪಾಗಬಾರದ ಹೊತ್ತಿನಲ್ಲಿ. ನೀಲಿ, ಖಾಲಿ, ನೀಲಿ.

ಮುದುಕಿ ತನ್ನ ದುಡ್ಡನ್ನು ಹೂದಾನಿ ಕೊಂಡ ಅಂಗಡಿಯಲ್ಲೇ ಬಿಟ್ಟು ಬಂದಿರುತ್ತಾಳೆ. ಅಂಗಡಿಯವನು ಹೂದಾನಿಯನ್ನೂ ದುಡ್ಡನ್ನೂ ತಂದು ಕೊಡುತ್ತಾನೆ. ಜೀವನದಲ್ಲಿ ಮೊದಲ ಸಲ ಲಾಭದಲ್ಲಿದ್ದೇನೆ ಅಂತ ಬೇಸಿಲ್ ಕುಣಿಯುತ್ತಾನೆ. ಅಷ್ಟರಲ್ಲಿ ಮೇಜರ್‌ಗೆ ನೆನಪು ಬರುತ್ತೆ. ಹೂದಾನಿ ಕೈಜಾರುತ್ತೆ. ಅದರ ಬೆಲೆ 75 ಪೌಂಡ್. ಖಾತೆ ಚುಕ್ತಾ.

ಹತ್ತನೇ ವಾರ

ಮ್ಯಾನ್ಯುಯೆಲ್ ಬಗ್ಗೆ ಒಂದು ಸಂಕಟ ಇದೆ, ಬರೆದುಬಿಡುತ್ತೇನೆ. ಭಾಷೆ ಬಾರದ ಬಡ ವಲಸಿಗನಿಗೆ ತಲೆ ಮೇಲೆ ಹೊಡೆಯೋದು ನೋಡಿ ನಗಬಹುದಾ? ಕೆಲವು ಕಡೆ ನನಗೆ ನಗು ಬರಲ್ಲ. ಆದರೆ ಲೆಡ್ಜರ್ ಅವನ ಪರವಾಗಿದೆ. ಹೋಟೆಲಿನಲ್ಲಿ ಬೇಕಂತ ಯಾರಿಗೂ ಮೋಸ ಮಾಡದವನು ಅವನೊಬ್ಬನೇ. ಹೇಳಿದ್ದನ್ನು ಅಕ್ಷರಶಃ ಮಾಡುತ್ತಾನೆ. ಹೇಳೋನ ತಲೆಯಲ್ಲೇ ಗೋಜಲು ಇದ್ದರೆ ಅವನೇನು ಮಾಡಿಯಾನು?

ಆ ಪಾತ್ರ ಮಾಡಿದ ಆಂಡ್ರ್ಯೂ ಸ್ಯಾಕ್ಸ್ ಸ್ಪೇನಿನವನಲ್ಲ. ಬರ್ಲಿನ್ನಿನಲ್ಲಿ ಹುಟ್ಟಿ, 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ಹುಡುಗ. 'ದಿ ಜರ್ಮನ್ಸ್' ಕಂತಿನಲ್ಲಿ ಅಡುಗೆಮನೆಗೆ ಬೆಂಕಿ ಬಿದ್ದು ಅವನು ಹೊಗೆಯಾಡುತ್ತಾ ಹೊರಗೆ ಬರೋ ದೃಶ್ಯ ಇದೆಯಲ್ಲ, ಅಂಗಿಗೆ ಹಾಕಿದ ರಾಸಾಯನಿಕದಿಂದ ಅವನಿಗೆ ನಿಜವಾಗಿಯೂ ಸುಟ್ಟಗಾಯ ಆಗಿತ್ತು. ಇದು ಓದಿದ ಮೇಲೆ ಆ ಕಂತನ್ನು ಇನ್ನೊಂದು ಸಲ ನೋಡೋದು ಸ್ವಲ್ಪ ಕಷ್ಟವಾಯಿತು. ಸ್ಪೇನಿನಲ್ಲಿ ಡಬ್ ಮಾಡಿದಾಗ ಮ್ಯಾನ್ಯುಯೆಲ್‌ನನ್ನು ಇಟಲಿಯವನನ್ನಾಗಿ ಮಾಡಿ, ಪಾವೊಲೊ ಅಂತ ಹೆಸರಿಟ್ಟರು.

ಇದೇ ಕಂತನ್ನು 2020ರಲ್ಲಿ ಒಂದು ಸ್ಟ್ರೀಮಿಂಗ್ ಸೇವೆ ಕೆಲವು ದಿನ ತೆಗೆದಿಟ್ಟಿತ್ತು, ಮೇಜರ್ ಬಾಯಿಂದ ಬರೋ ಜನಾಂಗೀಯ ಬೈಗುಳದ ಕಾರಣಕ್ಕೆ. ಆ ಮಾತು ಕೇಳೋಕೆ ಅಸಹ್ಯವೇ. ಮೇಜರ್‌ನಂಥವರನ್ನೇ ಲೇವಡಿ ಮಾಡಿದ್ದು ಅಂತ ಕ್ಲೀಸ್ ವಾದ. ಅರ್ಧ ಒಪ್ಪುತ್ತೇನೆ. ಮೇಜರ್‌ನ ಅರಳುಮರಳು ತೋರಿಸೋಕೆ ಅದೇ ಕಂತಿನಲ್ಲಿ ಇದಕ್ಕಿಂತ ಒಳ್ಳೆ ದಾರಿ ಇದೆ: ಕೌಂಟರಿನ ಕೆಳಗೆ ಬಗ್ಗಿ ಮ್ಯಾನ್ಯುಯೆಲ್ ಇಂಗ್ಲಿಷ್ ಅಭ್ಯಾಸ ಮಾಡುತ್ತಿರುತ್ತಾನೆ, ಅಲ್ಲಿದ್ದ ಕಡವೆ ತಲೆಯಂಥ ಗೋಡೆ ಅಲಂಕಾರವೇ ಮಾತಾಡುತ್ತಿದೆ ಅಂತ ಮೇಜರ್ ಅದರ ಜೊತೆ ಹರಟೆಗೆ ಇಳಿಯುತ್ತಾನೆ.

ಹನ್ನೊಂದನೇ ವಾರ

'ದಿ ಆನಿವರ್ಸರಿ' ಮುಗಿಸಿದೆ. ಇದರಲ್ಲಿ ಮೊದಲ ಸುಳ್ಳು ಪ್ರೀತಿಯದು. ಮದುವೆ ದಿನ ಮರೆತ ಹಾಗೆ ನಟಿಸಿ, ಗೆಳೆಯರನ್ನೆಲ್ಲ ಕರೆದು ಸಿಬಿಲ್‌ಗೆ ಖುಷಿ ಕೊಡೋಣ ಅಂತ. ಅವಳು ನಿಜಕ್ಕೂ ಮರೆತಿದ್ದಾನೆ ಅಂದುಕೊಂಡು ಸಿಟ್ಟಾಗಿ ಹೊರಟೇ ಹೋಗುತ್ತಾಳೆ. ಗೆಳೆಯರು ಬಂದಾಗ, ಜಗಳ ಆಯಿತು ಅಂತ ಒಂದು ಮಾತು ಹೇಳಿದ್ದರೆ ಮುಗೀತಿತ್ತು. ಹುಷಾರಿಲ್ಲ, ಮಲಗಿದ್ದಾಳೆ ಅಂತಾನೆ. ನೋಡಿಯೇ ಹೋಗುತ್ತೇವೆ ಅಂತಾರೆ. ಪಾಲಿಗೆ ಸಿಬಿಲ್ ವೇಷ ಹಾಕಿಸಿ ಕತ್ತಲ ಕೋಣೆಯಲ್ಲಿ ಮಲಗಿಸೋದೇ ಗತಿ. ಅಷ್ಟರಲ್ಲಿ ನಿಜವಾದ ಸಿಬಿಲ್ ವಾಪಸ್! ಅವಳನ್ನು ನೋಡೋಕೆ ಸಿಬಿಲ್ ಥರ ಇರೋ ಬೇರೆ ಹೆಂಗಸು ಅಂತ ಹೇಳಿ, ಅಡುಗೆಮನೆಯ ಕಪಾಟಿನೊಳಗೆ ತಳ್ಳಿ ಬಾಗಿಲು ಹಾಕುತ್ತಾನೆ.

ಈ ಪುಟದಲ್ಲಿ ಪಾಲಿಯ ನೀಲಿ ಗೆರೆ ಮೇಲಿಂದ ಕೆಳಗಿನ ತನಕ ಒಂದೇ ಸಮನೆ ಓಡುತ್ತೆ. ಯಾವ ಕಂತು ತೆಗೆದರೂ ಹೆಚ್ಚುಕಮ್ಮಿ ಹೀಗೇ. ಎಲ್ಲ ಗೊತ್ತಿದ್ದೂ ತೇಪೆ ಹಾಕೋ ಕೆಲಸ ಅವಳದು. ಬರೆದವಳೇ ಆ ಪಾತ್ರ ಮಾಡಿದ್ದು ಅನ್ನೋದು ಇದನ್ನು ಗೆರೆ ಎಳೆಯುವಾಗ ನೆನಪಾಯಿತು.

ಈ ವಾರ

ಉಳಿದದ್ದು ಕೊನೆಯ ಕಂತು, 'ಬೇಸಿಲ್ ದಿ ರ‍್ಯಾಟ್'. ಸೈಬೀರಿಯಾದ ಹ್ಯಾಮ್‌ಸ್ಟರ್ ಅಂತ ನಂಬಿ ಮ್ಯಾನ್ಯುಯೆಲ್ ಒಂದು ಇಲಿ ಸಾಕಿದ್ದಾನೆ, ಅದಕ್ಕೆ ಯಜಮಾನನ ಹೆಸರೇ ಇಟ್ಟಿದ್ದಾನೆ. ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಕೂತಿದ್ದಾನೆ. ಇಲಿ ತಪ್ಪಿಸಿಕೊಂಡಿದೆ. ಅದನ್ನು ಹಿಡಿಯೋಕೆ ವಿಷ ಹಾಕಿದ ಮಾಂಸದ ತುಂಡು ಒಳ್ಳೆ ತುಂಡುಗಳ ಜೊತೆ ಕಲೆತಿದೆ.

ಆರು ಕಾಲಂ ಸಾಲುತ್ತಿಲ್ಲ. ಯಾರಿಗೆ ಏನು ಗೊತ್ತು ಅನ್ನೋದಕ್ಕಿಂತ ಇಲಿ ಎಲ್ಲಿದೆ, ವಿಷದ ತುಂಡು ಯಾರ ತಟ್ಟೆಯಲ್ಲಿದೆ ಅನ್ನೋದೇ ಮುಖ್ಯ ಇಲ್ಲಿ. ಅಮ್ಮನ ಹಳೆ ಲೆಡ್ಜರಿನಿಂದ ಖಾಲಿ ಹಾಳೆಯ ಪಟ್ಟಿ ಒಂದು ಕತ್ತರಿಸಿಕೊಂಡು ಬಲಗಡೆ ಅಂಟಿಸಿ, ಎರಡು ಕಾಲಂ ಎಳೆದಿದ್ದೇನೆ. ಒಂದರ ತಲೆಗೆ 'ಇಲಿ', ಇನ್ನೊಂದಕ್ಕೆ 'ವಿಷ'. ಅಂಟು ಒಣಗಬೇಕು. ನಾಳೆ ರಾತ್ರಿ ಊಟ ಆದ ಮೇಲೆ ಕೂರೋಣ ಅಂತ ಅಮ್ಮ ಹೇಳಿದ್ದಾರೆ.