ಹಳೆಯ ಕರಿಜ್ಮಾಗೆ ಎಷ್ಟು ಅಶ್ವಶಕ್ತಿ ಸೇರೀತು?

2003ರಲ್ಲಿ ಮಾರುಕಟ್ಟೆಗೆ ಬಂದ ಹೀರೋ ಹೋಂಡಾ ಕರಿಜ್ಮಾ ಬೈಕಿನ 223 ಸಿಸಿ ಎಂಜಿನ್ ಹೊಸದಿದ್ದಾಗ ಕೊಡುತ್ತಿದ್ದುದು ಸುಮಾರು 17 ಅಶ್ವಶಕ್ತಿ. ಸೈಲೆನ್ಸರ್ ಮತ್ತು ಏರ್ ಫಿಲ್ಟರ್ ಬದಲಿಸಿ ಕಾರ್ಬ್ಯುರೇಟರ್ ಜೆಟ್ (ಗಾಳಿಗೆ ಬೆರೆಯುವ ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ಸಣ್ಣ ರಂಧ್ರ) ಹೊಂದಿಸಿದರೆ ಇನ್ನೂ ಐದು ಸೇರುತ್ತದೆ ಎಂಬ ಮಾತನ್ನು ಬಳ್ಳಾರಿಯಲ್ಲಿ ನಾನೂ ನಂಬಿದ್ದೆ. ವಾಸ್ತವದಲ್ಲಿ ಒಂದು, ಹೆಚ್ಚೆಂದರೆ ಒಂದೂವರೆ ಸಿಕ್ಕರೆ ಅದೇ ದೊಡ್ಡದು. ಅದನ್ನೂ ನಮ್ಮ ಬೇಸಿಗೆ ಕಸಿದುಕೊಳ್ಳುತ್ತದೆ, ಏಕೆಂದರೆ ಉಷ್ಣಾಂಶ 25 ಡಿಗ್ರಿಯಿಂದ 40ಕ್ಕೆ ಏರಿದಾಗ ಗಾಳಿಯ ಸಾಂದ್ರತೆ ಸುಮಾರು ಶೇ 5ರಷ್ಟು ಇಳಿದು, ಸಿಲಿಂಡರಿಗೆ ಸೇರುವ ಆಮ್ಲಜನಕವೂ ಅಷ್ಟೇ ಕಡಿಮೆಯಾಗುತ್ತದೆ.

ಪೆಟ್ಟಿಗೆಯಿಲ್ಲದ ತೆರೆದ ಏರ್ ಫಿಲ್ಟರ್ ಹಾಕಿಸಿಕೊಂಡು ಸಂಡೂರಿನ ಅದಿರು ಲಾರಿಗಳ ಹಿಂದೆ ಒಂದು ತಿಂಗಳು ಓಡಾಡಿದ ಮೇಲೆ, ಕಾರ್ಬ್ಯುರೇಟರ್ ಬಾಯಿಯೊಳಗೆ ಬೆರಳಾಡಿಸಿದಾಗ ಕುಂಕುಮದಂಥ ಕೆಂಪು ಧೂಳು ಬೆರಳಿಗೆ ಮೆತ್ತಿಕೊಂಡಿತು. ಪಿಸ್ಟನ್ ರಿಂಗುಗಳನ್ನು ಸವೆಸಿ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಇಳಿಸುವುದು ಇದೇ ಧೂಳು. ಅಂದೇ ಕಂಪನಿಯ ಫಿಲ್ಟರ್ ಪೆಟ್ಟಿಗೆಯನ್ನು ಮರಳಿ ಕೂಡಿಸಿದೆ.

ಆಮೇಲೆ ವಾಲ್ವ್ ಕ್ಲಿಯರೆನ್ಸ್, ಅಂದರೆ ಎಂಜಿನ್ ಕವಾಟಗಳ ಬಳಿ ಇರಬೇಕಾದ ಸಣ್ಣ ಅಂತರ, ಸರಿಪಡಿಸಿ, ಪ್ಲಗ್ ಬದಲಿಸಿ, ಹಿಂದಿನ ಚಕ್ರಕ್ಕೆ ಎರಡು ಹಲ್ಲು ಹೆಚ್ಚಿರುವ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹಾಕಿಸಿದೆ. ಸ್ಪ್ರಾಕೆಟ್ಟಿನಿಂದ ಅಶ್ವಶಕ್ತಿ ಒಂದಿಷ್ಟೂ ಹೆಚ್ಚುವುದಿಲ್ಲ, ಗರಿಷ್ಠ ವೇಗವೂ ತುಸು ಇಳಿಯುತ್ತದೆ. ಆದರೆ ಚಕ್ರಕ್ಕೆ ತಲುಪುವ ಎಳೆತ ಹೆಚ್ಚುವುದರಿಂದ, ಹೊಸಪೇಟೆ ರಸ್ತೆಯಲ್ಲಿ ಲಾರಿಯೊಂದನ್ನು ದಾಟುವಾಗ ಗಾಡಿ ಈಗ ತಡವರಿಸುವುದಿಲ್ಲ.