ನಮ್ಮ ಲೆಕ್ಕದಲ್ಲಿ ಬಂದ ಅಳಿಲು

"ತಾತ, ಇದಕ್ಕೆ ನಮ್ಮ ಪರಿಚಯಾನೇ ಇಲ್ಲ. ಮತ್ಯಾಕೆ ಹೆದರಲ್ಲ?"

ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನನ್ನ ಮಗಳು ಕೇಳಿದ್ದು ಇಷ್ಟೇ. ಕೇಳಿದ್ದು ನನ್ನನ್ನಲ್ಲ, ಪಕ್ಕದ ಬೆಂಚಿನಲ್ಲಿ ಕೂತಿದ್ದ ಹಿರಿಯರನ್ನು. ಅವರು ತಡಮಾಡದೆ ಹೇಳಿದರು: "ನಿನ್ನ ಪರಿಚಯ ಇಲ್ಲ ಮರಿ, ನಮ್ಮದಿದೆ. ನಮ್ಮ ಲೆಕ್ಕದಲ್ಲಿ ನಿನ್ನ ಹತ್ರ ಬಂದಿದೆ."

ಈ ಮಾತು ಇಡೀ ವಾರ ನನ್ನ ತಲೆಯಲ್ಲಿ ತಿರುಗುತ್ತಿದೆ. ಅನ್ನಕ್ಕೆ ಇಟ್ಟು ನಿಂತಾಗ, ಬಸ್ಸಿಗೆ ಕಾಯುವಾಗ, ರಾತ್ರಿ ದೀಪ ಆರಿಸಿದ ಮೇಲೂ.

ಅಕ್ಕ, ಭಾವ, ಅವರ ಇಬ್ಬರು ಗಂಡುಮಕ್ಕಳು ಬೆಂಗಳೂರಿನಿಂದ ಬಂದಿದ್ದರು. ಮಕ್ಕಳಿಗೆ ಮೃಗಾಲಯ ಬೇಕಿತ್ತು. ರಜೆ ದಿನ ಅಲ್ಲಿ ಎಂಥಾ ಜನ ಅಂತ ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಕೆರೆ, ಆಮೇಲೆ ಮೈಲಾರಿ ದೋಸೆ ಅಂತ ಹೇಳಿ ಒಪ್ಪಿಸಿದೆವು. ಭಾವ ಒಳ್ಳೆಯ ಮನುಷ್ಯ, ಆದರೆ ಅವರಿಗೆ ಎಲ್ಲವೂ ಬೇಗ ಮುಗಿಯಬೇಕು. ಕೆರೆ ಅಂದರೆ ಒಂದು ಸುತ್ತು, ಹಕ್ಕಿ ಅಂದರೆ ಒಂದು ಫೋಟೊ. ಅಕ್ಕನಿಗೆ ಮಕ್ಕಳ ಬಟ್ಟೆ ಕೊಳೆಯಾಗದಿದ್ದರೆ ಸಾಕು. ಹೀಗಾಗಿ ಮಕ್ಕಳ ಜೊತೆ ನಿಧಾನಕ್ಕೆ ನಡೆಯುವ ಕೆಲಸ ನನ್ನ ಪಾಲಿಗೆ ಬಂತು, ನನಗೂ ಅದೇ ಬೇಕಿತ್ತು.

ನೀರಿನ ಮೇಲೆ ಹೆಜ್ಜಾರ್ಲೆಗಳಿದ್ದವು, ಅಂದರೆ ಪೆಲಿಕನ್ ಹಕ್ಕಿಗಳು. ಒಂದು ಹಾರಿ ಬಂದು ಇಳಿಯುವಾಗ ಅಕ್ಕನ ದೊಡ್ಡ ಮಗ ಬಾಯಿ ತೆರೆದು ನಿಂತುಬಿಟ್ಟ. ರೆಕ್ಕೆ ಬಿಚ್ಚಿದರೆ 2 ಮೀಟರಿಗೂ ಜಾಸ್ತಿ ಅಗಲದ ಹಕ್ಕಿ, ಯಾರಾದರೂ ನಿಲ್ಲಲೇಬೇಕು. ನೀರುಕಾಗೆಗಳು ರೆಕ್ಕೆ ಒಣಗಿಸುತ್ತಿದ್ದವು. ಇದೆಲ್ಲ ದೂರದ ನೋಟ. ಅಳಿಲು ಹಾಗಲ್ಲ, ಅದು ತಾನಾಗಿ ಹತ್ತಿರ ಬಂತು.

ಬಿಚ್ಚಿದ ಶೂ ಲೇಸು ಕಟ್ಟಿಕೊಳ್ಳಲು ಮಗಳು ಬೆಂಚಿನ ಮೇಲೆ ಕೂತಿದ್ದಳು. ಅಳಿಲು ಮರದಿಂದ ಸರಸರ ಇಳಿದು, ನಡುವೆ ನಡುವೆ ನಿಂತು, ಕೊನೆಗೆ ಅವಳ ಶೂ ಮೇಲೆ ಮುಂಗಾಲೆರಡನ್ನೂ ಇಟ್ಟಿತು. ಮೀಸೆ ಅಲುಗುತ್ತಿತ್ತು. ಪಕ್ಕೆ ಪಟಪಟ ಬಡಿದುಕೊಳ್ಳುವುದು ಕಾಣುತ್ತಿತ್ತು. ಅಕ್ಕನ ಚಿಕ್ಕ ಮಗ ಬೆನ್ನಿನ ಮೂರು ಗೆರೆ ನೋಡಿ "ರಾಮ..." ಅಂತ ಶುರುಮಾಡಿದ. ಅವನ ಅಣ್ಣ ಬಾಯಿಗೆ ಕೈ ಅಡ್ಡ ಹಿಡಿದ. ಮಗಳಂತೂ ಉಸಿರು ಬಿಗಿಹಿಡಿದಿದ್ದಳು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಅಳಿಲು ಶೂವಿನ ವಾಸನೆ ನೋಡಿ, ಬೇಡ ಅನ್ನಿಸಿತೇನೋ, ತರಗೆಲೆ ಕೆದಕುತ್ತಾ ಅಲ್ಲೇ ಓಡಾಡತೊಡಗಿತು. ಆಗ ಅವಳು ಕೇಳಿದ್ದು ಆ ಪ್ರಶ್ನೆ.

ತಾತನ ಉತ್ತರ ಕೇಳಿ ನಾನೂ ಅವರ ಪಕ್ಕ ಕೂತೆ. "ದಿನಾ ಏನಾದರೂ ಹಾಕ್ತೀರಾ ಸಾರ್?" ಅಂದೆ.

"ಇಲ್ಲಮ್ಮ. ಏನೂ ಹಾಕಲ್ಲ. ಸುಮ್ನೆ ಬರ್ತೀವಿ, ಕೂತ್ಕೋತೀವಿ, ಹೋಗ್ತೀವಿ. ಕಲ್ಲು ಎತ್ಕೊಳ್ಳಲ್ಲ. ಅಷ್ಟೇ."

ಅಷ್ಟೇ ಅಂದರು. ನನಗೆ ಅದು ಅಷ್ಟೇ ಅನ್ನಿಸಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಈ ಕೆರೆ ಕಟ್ಟಿಸಿದ್ದು 1864ರಲ್ಲಿ. ಅಲ್ಲಿಂದ ಈಚೆಗೆ ಈ ಏರಿಯ ಮೇಲೆ ಎಷ್ಟು ಜನ ನಡೆದಿಲ್ಲ! ಕುವೆಂಪು ಅವರೂ ಇಲ್ಲಿ ನಡೆದವರೇ. ಮಾನಸಗಂಗೋತ್ರಿಯ ಮೇಷ್ಟ್ರುಗಳು, ವಿದ್ಯಾರ್ಥಿಗಳು, ಮೊಣಕಾಲು ನೋವಿನ ಅಜ್ಜಿಯರು, ಪರೀಕ್ಷೆಗೆ ಓದುವವರು. ಅಳಿಲಿನ ಆಯಸ್ಸು ಸಣ್ಣದು. ಅಂದರೆ ಶೂ ಮೇಲೆ ಕಾಲಿಟ್ಟ ಈ ಅಳಿಲು, ಇದರ ತಾಯಿ, ಅದರ ತಾಯಿ, ಎಲ್ಲವೂ ಇದೇ ಮರಗಳಲ್ಲಿ ಕೂತು ಮನುಷ್ಯರನ್ನು ನೋಡುತ್ತಾ ಬಂದಿವೆ. ಬಂದವರೆಲ್ಲ ಸುಮ್ಮನೆ ನಡೆದು ಹೋಗಿದ್ದಾರೆ. ಕುವೆಂಪು ಅವರಂಥ ಒಬ್ಬಿಬ್ಬರನ್ನು ಬಿಟ್ಟರೆ ಅವರಲ್ಲಿ ಯಾರ ಹೆಸರೂ ನಮಗೆ ಗೊತ್ತಿಲ್ಲ. ಅವರು ಉಳಿಸಿಟ್ಟ ನಂಬಿಕೆ ಇವತ್ತು ನನ್ನ ಮಗಳ ಕಾಲ ಮೇಲೆ ಬಂದು ನಿಂತಿತು.

ಮುಂದೆ ನಡೆದದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಇನ್ನೊಂದು ಕುಟುಂಬ ಬಂತು. ಕೈಯಲ್ಲಿ ಚಿಪ್ಸ್ ಪ್ಯಾಕೆಟ್ಟು. ಹೈಸ್ಕೂಲು ವಯಸ್ಸಿನ ಹುಡುಗ ಬೆರಳ ತುದಿಯಲ್ಲಿ ಚಿಪ್ಸ್ ಹಿಡಿದು ಅಳಿಲನ್ನು ಕರೆದ. ತಂದೆ ಮೊಬೈಲ್ ಹಿಡಿದು "ಹಿಡ್ಕೋ, ಬಾಲ ಹಿಡ್ಕೋ" ಅಂದರು. ತಾತ "ಬೇಡಪ್ಪ, ಉಪ್ಪು ಖಾರ ಅದು" ಅಂತ ಮೆತ್ತಗೆ ಹೇಳಿದರು. ಯಾರೂ ತಿರುಗಿ ನೋಡಲಿಲ್ಲ. ಅಳಿಲು ಹತ್ತಿರ ಬಂತು. ಹುಡುಗ ಬಾಲಕ್ಕೆ ಕೈಹಾಕಿದ. ಸಿಕ್ಕಲಿಲ್ಲ, ಪುಣ್ಯ. ಅದು ಒಂದೇ ನೆಗೆತಕ್ಕೆ ಮರ ಹತ್ತಿ, ತಲೆ ಕೆಳಗೆ ಮಾಡಿ, ಚಿಕ್ ಚಿಕ್ ಚಿಕ್ ಅಂತ ಕೂಗಲು ಶುರುಮಾಡಿತು. ಪ್ರತಿ ಕೂಗಿಗೂ ಬಾಲ ಎಗರುತ್ತಿತ್ತು. ಪಕ್ಕದ ಮರದಿಂದ ಇನ್ನೊಂದು ದನಿಗೂಡಿಸಿತು. ಅದು ಅಪಾಯದ ಕೂಗು, ಬೆಕ್ಕೋ ಗಿಡುಗವೋ ಕಂಡಾಗ ಕೂಗುವುದು. ನೆಲದಲ್ಲಿ ಗುಂಪಾಗಿ ಹುಳು ಹೆಕ್ಕುತ್ತಿದ್ದ ಹರಟೆಮಲ್ಲ ಹಕ್ಕಿಗಳೂ ಗಲಾಟೆ ಮಾಡಿಕೊಂಡು ಪೊದೆ ಸೇರಿದವು. ಆ ಹುಡುಗನ ಮನೆಯವರು ವಿಡಿಯೊ ನೋಡಿಕೊಂಡು ನಗುತ್ತಾ ಮುಂದೆ ಹೋದರು. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನು ಮಗು. ಹಿಡ್ಕೋ ಅಂದ ಅಪ್ಪನ ಮೇಲೆ ಇದೆ. ಹೋಗುವಾಗ ಖಾಲಿ ಪ್ಯಾಕೆಟ್ಟನ್ನೂ ಅಲ್ಲೇ ಬಿಟ್ಟರು. ನನ್ನ ಮಗಳು ಎದ್ದು ಅದನ್ನು ಎತ್ತಿ ಡಬ್ಬಕ್ಕೆ ಹಾಕಿದಳು. ಆಮೇಲೆ ನಾವು ಎಷ್ಟು ಹೊತ್ತು ಕೂತರೂ ಒಂದೂ ಅಳಿಲು ಕೆಳಗೆ ಇಳಿಯಲಿಲ್ಲ.

"ನಮ್ಮ ಲೆಕ್ಕ ಅವರು ಖರ್ಚು ಮಾಡಿಬಿಟ್ರು ಅಲ್ವಾ ತಾತ?" ಅಂದಳು. ಅವರು ತಲೆಯಾಡಿಸಿದರು. "ಆಗುತ್ತೆ ಮರಿ. ನಾಳೆ ನಾವು ಮತ್ತೆ ಬಂದು ಕೂತ್ಕೋತೀವಲ್ಲ."

ದೋಸೆ ತಿನ್ನುವಾಗ ಭಾವ ಕೇಳಿದರು, "ಬೆಟ್ಟದ ಕೋತಿಗಳೂ ಹೆದರಲ್ವಲ್ಲ, ಅದೂ ನಂಬಿಕೇನೇ ತಾನೆ?" ಭಾವನ ಪ್ರಶ್ನೆ ಚೆನ್ನಾಗಿತ್ತು. ಅವರು ಅಷ್ಟು ಯೋಚಿಸಿದರಲ್ಲ ಅಂತ ಖುಷಿಯೂ ಆಯಿತು. ಆದರೆ ಎರಡೂ ಒಂದೇ ಅಂತ ನನಗೆ ಅನ್ನಿಸುವುದಿಲ್ಲ. ಚಾಮುಂಡಿ ಬೆಟ್ಟದ ಕೋತಿ ನಮ್ಮ ಹತ್ತಿರ ಬರುವುದು ನಾವು ಸುಮ್ಮನಿದ್ದೇವೆ ಅಂತಲ್ಲ. ಕೈಯಲ್ಲಿ ಕವರ್ ಇದ್ದರೆ ಅದರಲ್ಲಿ ತಿಂಡಿ ಇರುತ್ತದೆ ಅಂತ ನಾವೇ ಕಲಿಸಿದ್ದೇವೆ. ಬಾಳೆಹಣ್ಣು ಕೊಟ್ಟು ಕಲಿಸಿದೆವು, ಬಿಸ್ಕತ್ತು ಕೊಟ್ಟು ಕಲಿಸಿದೆವು. ಈಗ ಅದು ಕವರ್ ಎಳೆದರೆ ಕೋಲು ತೋರಿಸುತ್ತೇವೆ. ಸಿಕ್ಕಿದ್ದನ್ನು ಕೆನ್ನೆಯ ಚೀಲಕ್ಕೆ ತುಂಬಿಕೊಂಡು ಓಡುತ್ತದೆ, ನಿಂತು ತಿನ್ನುವಷ್ಟೂ ಧೈರ್ಯ ಅದಕ್ಕಿಲ್ಲ. ಹಲ್ಲು ತೋರಿಸಿದರೆ ನಗುತ್ತಿದೆ ಅಂದುಕೊಂಡು ಮಕ್ಕಳನ್ನು ಇನ್ನೂ ಹತ್ತಿರ ನಿಲ್ಲಿಸಿ ಫೋಟೊ ತೆಗೆಯುವವರಿದ್ದಾರೆ. ಕೋತಿ ಹಲ್ಲು ಬಿಡುವುದು ಭಯಕ್ಕೆ ಅಥವಾ ಬೆದರಿಸಲು. ಅಲ್ಲಿ ಇಬ್ಬರಿಗೂ ಇಬ್ಬರ ಮೇಲೂ ನಂಬಿಕೆ ಇಲ್ಲ, ನಡುವೆ ತಿಂಡಿ ಮಾತ್ರ ಇದೆ. ಎಂಥ ಚೆಂದದ ಪ್ರಾಣಿ ಅದು! ತೆಂಗಿನಕಾಯಿ ಚೂರಿಗೆ ಕಾದು ಕೂರುವ ಹಾಗೆ ಮಾಡಿಟ್ಟಿದ್ದೇವೆ.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಏನೂ ಕೊಡದೆ ಪರಿಚಯ ಮಾಡ್ಕೊಳ್ಳೋದು ಊರಿಗೆಲ್ಲ ಸಾಧ್ಯಾನಾ?" ಅಂದರು.

ಸಾಧ್ಯ ಇದೆ. ನಮ್ಮ ಪಕ್ಕದ ಮಂಡ್ಯ ಜಿಲ್ಲೆಯಲ್ಲೇ ಇದೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಕಾಡಿನಲ್ಲಲ್ಲ. ಊರೊಳಗಿನ ಹುಣಸೆ ಮರ, ಅರಳಿ ಮರಗಳಲ್ಲಿ. ಕೆಳಗೆ ಮನೆ, ಕೊಟ್ಟಿಗೆ, ಮಕ್ಕಳ ಆಟ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅವು ಅಂತ ಊರಿನವರು ಹೇಳುತ್ತಾರೆ. ಹಕ್ಕಿ ಕೂತ ಮರದ ಹುಣಸೆಹಣ್ಣಿನ ಆಸೆ ಬಿಡಬೇಕು. ಮೀನಿನ ವಾಸನೆ ತಡೆದುಕೊಳ್ಳಬೇಕು. ಹಿಕ್ಕೆ ಗದ್ದೆಗೆ ಗೊಬ್ಬರವಾಗುತ್ತದೆ, ನಿಜ. ಆದರೆ ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕಿದವರು ಗೊಬ್ಬರದ ಆಸೆಗೆ ಸಾಕಲಿಲ್ಲ. 'ಹೆಜ್ಜಾರ್ಲೆ ಬಳಗ' ಅನ್ನುವ ಊರಿನವರ ಗುಂಪಿನ ಕೆಲಸ ಅದು. 2007ರಲ್ಲಿ ಸರ್ಕಾರ ಊರನ್ನು ಸಮುದಾಯ ಸಂರಕ್ಷಿತ ಪ್ರದೇಶ ಅಂತ ಘೋಷಿಸಿತು. ಜನ ಅದಕ್ಕೂ ಎಷ್ಟೋ ಮೊದಲೇ ಆ ಕೆಲಸ ಮಾಡುತ್ತಿದ್ದರು.

ಇನ್ನೊಂದು ವಿಷಯ ಹೇಳಿದಾಗ ಭಾವ ದೋಸೆ ಬಿಟ್ಟು ನನ್ನ ಕಡೆ ನೋಡಿದರು. ಹಿಂದೆ ಆ ಊರು ಶಿಂಷಾ ನದಿಯ ದಂಡೆಯಲ್ಲಿತ್ತಂತೆ. 1916ರಲ್ಲಿ ಪ್ಲೇಗು ಬಂದು ಜನ ಊರು ಬಿಟ್ಟು ಈಗಿನ ಜಾಗಕ್ಕೆ ಬಂದರು. ಹಕ್ಕಿಗಳೂ ಅವರ ಹಿಂದೆಯೇ ಹೊಸ ಊರಿನ ಮರಗಳಿಗೆ ಬಂದವು ಅಂತ ಊರಿನವರು ಹೇಳುತ್ತಾರೆ. ನನಗೆ ಪ್ರತಿ ಸಲ ಇದನ್ನು ಹೇಳುವಾಗಲೂ ಗಂಟಲು ಕಟ್ಟುತ್ತದೆ. ಅಂಥ ಕಷ್ಟದಲ್ಲಿ ಮನೆ ಬಿಟ್ಟು ಬಂದವರಿಗೆ, ಮೇಲೆ ಆ ರೆಕ್ಕೆಗಳ ಸದ್ದು ಮತ್ತೆ ಕೇಳಿದಾಗ ಹೇಗಾಗಿರಬೇಕು?

ಈ ಸಲ ಮರಿಗಳಿರುವ ಹೊತ್ತಿಗೆ, ಫೆಬ್ರವರಿ ಕೊನೆಗೋ ಮಾರ್ಚಿಗೋ, ಎಲ್ಲರೂ ಅಲ್ಲಿಗೆ ಹೋಗುವುದು ಅಂತಾಗಿದೆ. ಭಾವ ಬೆಂಗಳೂರಿನಿಂದ ಬರುತ್ತಾರೆ, ನಾವು ಇಲ್ಲಿಂದ. ಇಬ್ಬರಿಗೂ ಮದ್ದೂರು ದಾರಿಯಲ್ಲೇ ಸಿಗುತ್ತದೆ. ಕಾರು ಊರ ಹೊರಗೇ ನಿಲ್ಲಿಸಬೇಕು, ಹಾಡು ಹಾಕಬಾರದು, ಗೂಡಿನ ಕೆಳಗೆ ಕೂಗಬಾರದು ಅಂತ ಮಕ್ಕಳು ಫೋನಿನಲ್ಲಿ ಈಗಲೇ ಮಾತಾಡಿಕೊಳ್ಳುತ್ತಿದ್ದಾರೆ. ಯಾರೂ ತಿಂಡಿ ಪ್ಯಾಕೆಟ್ಟು ತರಬಾರದು ಅಂತ ಮಗಳು ಸೇರಿಸಿದ್ದಾಳೆ. ಅಕ್ಕ ಒಪ್ಪಿದ್ದಾಳೆ. ಹಿಕ್ಕೆ ಬೀಳುತ್ತದೆ, ಹಳೇ ಬಟ್ಟೆ ಹಾಕಿಸು ಅಂತ ನಾನೂ ಹೇಳಿದ್ದೇನೆ.