ನೀರು ಕುಡಿಸಿದ್ದು ನಾನೇ

ತಮ್ಮನ ಕುತ್ತಿಗೆ ಒತ್ತಿದರೆ ಮಂಡಾಳು ಹಿಸುಕಿದ ಹಾಗೆ ಚರಚರ ಅನ್ನುತ್ತಿತ್ತು. ಮೇಲೆ ನೋಡಿದರೆ ಬೆರಳುದ್ದದ ಗೀರು ಅಷ್ಟೇ. ರಕ್ತವೂ ಜಾಸ್ತಿ ಇರಲಿಲ್ಲ.

ಭತ್ತದ ಸುಗ್ಗಿ. ಆ ದಿನಗಳಲ್ಲಿ ಗಂಗಾವತಿ ಕಡೆ ಅರ್ಧ ರಸ್ತೆಯೇ ಕಣ. ದನ ಬಾಯಿ ಹಾಕಬಾರದೆಂದು ಯಾರೋ ತಂತಿ ಬಿಗಿದಿದ್ದರು. ಕತ್ತಲಲ್ಲಿ ಬೈಕ್ ಮೇಲೆ ಬಂದವನಿಗೆ ಕಾಣಲಿಲ್ಲ. ಎದ್ದು ಕೂತು "ಏನಾಗಿಲ್ಲ ಬಿಡಣ್ಣ" ಅಂದ, ಆದರೆ ಆ ದನಿ ಅವನದಲ್ಲ. ಬಿದ್ದವರಿಗೆ ಮೊದಲು ಕೊಡುವುದು ನೀರು, ಅಲ್ವಾ? ನಾನೂ ಕುಡಿಸಿದೆ. ಒಂದು ಗುಟುಕಿಗೇ ಕೆಮ್ಮಿ ಎದೆ ಹಿಡಿದುಕೊಂಡ.

ಹತ್ತಿರದ ಒಂದು ದವಾಖಾನೆಯಲ್ಲಿ ಗೀರಿಗೆ ಎರಡು ಹೊಲಿಗೆ ಹಾಕಿ ಕಳಿಸುವವರಿದ್ದರು. ಕುತ್ತಿಗೆ ಮುಟ್ಟಿ ನೋಡಿದ್ದು ಅಲ್ಲಿನ ಸಿಸ್ಟರ್. "ತೊಗಲಿನ ಕೆಳಗ ಗಾಳಿ ತುಂಬೇತ್ರಿ, ಬಳ್ಳಾರಿಗೆ ಒಯ್ರಿ." ಕಂಪ್ಲಿ ಸೇತುವೆ ದಾಟುವಾಗ ಮುಖವೂ ಊದಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಕೂತೇ ಬಂದ.

"ಬಾಯಿಗೆ ಏನಾದರೂ ಕೊಟ್ಟೀರೇನು?" ಬಳ್ಳಾರಿಯ ಡಾಕ್ಟರ್ ಕೇಳಿದ ಮೊದಲ ಮಾತು. ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. ಔಷಧಿ ಬಿಲ್ಲಿನ ಹಿಂದೆ ಎರಡು ಕೊಳವೆ ಬರೆದರು. ಮುಂದಿನದು ಶ್ವಾಸನಾಳ, ಉಂಗುರ ಉಂಗುರವಾಗಿ ಗಟ್ಟಿ. ಅದರ ಬೆನ್ನಿಗೇ ಅಂಟಿಕೊಂಡ ಮೆತ್ತನೆಯದು ಅನ್ನನಾಳ. ಗಾಳಿ ಸೋರಿದರೆ ಬೇಗ ಗೊತ್ತಾಗುತ್ತದಂತೆ. ಅನ್ನನಾಳದ ತೂತು ಮೊದಮೊದಲು ಸುಮ್ನೆ ಇರುತ್ತದೆ. ಎಂಜಲು ಎದೆಯೊಳಗೆ ಇಳಿದು ಕೀವಾದ ಮೇಲೆಯೇ ಎಷ್ಟೋ ಸಲ ತಿಳಿಯುವುದು. 24 ಗಂಟೆ ದಾಟಿದರೆ ಹಾಕಿದ ಹೊಲಿಗೆಯೂ ನಿಲ್ಲುವುದು ಕಷ್ಟ.

ಮೊದಲು ಕೊರಳ ಕೆಳಗೆ ತೂತು ಮಾಡಿ ಉಸಿರಿಗೆ ನಳಿಕೆ ಇಟ್ಟರು. ಆಮೇಲೆ ದುರ್ಬೀನು ಇಳಿಸಿ ನೋಡಿದರೆ ಎರಡೂ ಹರಿದಿದ್ದವು. ಎರಡನ್ನೂ ಹೊಲಿದು, ನಡುವೆ ಕುತ್ತಿಗೆಯದೇ ಸ್ನಾಯುವಿನ ತುಂಡು ತಿರುಗಿಸಿ ಇಟ್ಟರು. ಇಲ್ಲದಿದ್ದರೆ ಹೊಲಿಗೆಗೆ ಹೊಲಿಗೆ ತಾಗಿ ದಾರಿಯಾಗಿ, ಉಂಡದ್ದು ಶ್ವಾಸನಾಳಕ್ಕೆ ಹೋದೀತು.

ವಾರವಿಡೀ ಬಾಯಿಗೆ ಏನೂ ಇಲ್ಲ. ಮೂಗಿನ ನಳಿಕೆಯಲ್ಲೇ ಹಾಲು, ಗಂಜಿ. ಮಾತೂ ಇಲ್ಲ. ಪೇಪರಿನ ಅಂಚಿನಲ್ಲಿ ಬರೆದು ತೋರಿಸುತ್ತಿದ್ದ: ನೀರು. ನಾನು ಎದ್ದು ವರಾಂಡಕ್ಕೆ ಹೋಗುತ್ತಿದ್ದೆ.

ಎಂಟನೇ ದಿನ ಎಕ್ಸ್‌ರೇಯಲ್ಲಿ ಕಾಣುವ ಔಷಧಿ ನುಂಗಿಸಿ ನೋಡಿದರು. ಸೋರಲಿಲ್ಲ. ಎರಡು ದಿನ ಬಿಟ್ಟು ಕೊರಳ ನಳಿಕೆಯನ್ನೂ ತೆಗೆದರು. ಅವತ್ತು ಅವ್ವ ಚಮಚ ನನ್ನ ಕೈಗೇ ಕೊಟ್ಟಳು. ಅರ್ಧ ನೀರು ಅವನ ಅಂಗಿ ಮೇಲೆ ಚೆಲ್ಲಿತು. ಉಳಿದದ್ದು ನುಂಗಿ, ಕೊರಳ ಪಟ್ಟಿಯ ಮೇಲೆ ಬೆರಳೊತ್ತಿ, ಗೊಗ್ಗರು ದನಿಯಲ್ಲಿ "ಇನ್ನೊಂದು" ಅಂದ.